ಗುಳ್ಳೆಯ ಪಕ್ಕದ ಉಪ್ಪು

ಅಗುವಾ ನೆಗ್ರ
11 ಮಾರ್ಚ್ 1996

ಮಗಳೇ ನೆಲ್ಸಿ,

ಬೊಗೊಟಾ ಬಸ್ಸಿಗೆ ಹೋಗುವಾಗ ನೀನು ನನ್ನ ಮನೆಯ ಮುಂದೆಯೇ ಹಾದುಹೋದೆ, ಕದ ತಟ್ಟಲಿಲ್ಲ. ನಾನು ಒಳಗಿಂದ ನೋಡುತ್ತಿದ್ದೆ. ನಾನೂ ಕರೆಯಲಿಲ್ಲ. ನೀನಿರುವ ಕೋಣೆ ಬಸ್ ಡ್ರೈವರ್ ರೊಸೆಂಡೊನಿಗೆ ಗೊತ್ತಂತೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತವನು ನಾನು, ನಿನ್ನ ಪದ್ರಿನೊ. ಹೆತ್ತವನು ಎಡವಿದರೆ ನಿನ್ನ ಕೈ ಹಿಡಿಯಬೇಕಾದವನು ನಾನೇ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಶನಿವಾರ ಚೌಕದಲ್ಲಿ ನಾನು ಮಾಡಿದ್ದು ಊರಿನ ಪದ್ಧತಿ, ಹಗೆಯಲ್ಲ. ನೀನು ತಂದ ಹಸಿರು ಹರಳನ್ನು ತುಟಿಗೆ ಮುಟ್ಟಿಸಿಕೊಂಡೆ, ಬೆಚ್ಚಗಿತ್ತು. ಪಚ್ಚೆ ತುಟಿಗೆ ತಣ್ಣಗೆ ತಾಕಬೇಕು. ಭೂತಗನ್ನಡಿಯಲ್ಲಿ ನೋಡಿದೆ. ನಮ್ಮ ಬೆಟ್ಟದ ಕಲ್ಲಿನೊಳಗೆ ಸಣ್ಣ ಬಿರುಕು, ಪಾಚಿಯಂಥ ಎಳೆ ಇದ್ದೇ ಇರುತ್ತವೆ. ಅದನ್ನು ನಾವು ತೋಟ ಅನ್ನುತ್ತೇವೆ. ಇದರಲ್ಲಿ ತೋಟವಿರಲಿಲ್ಲ. ಬಾವಿಯ ನೀರಿನಷ್ಟು ತಿಳಿ, ನಡುವೆ ಒಂದು ಗುಳ್ಳೆ. ಗುಳ್ಳೆ ಏಳುವುದು ಕುಲುಮೆಯಲ್ಲಿ ಕರಗಿದ ಗಾಜಿನಲ್ಲಿ. ಇನ್ನೇನು ಹೇಳಲಿ?

ಗಾಜೆಂದು ಗೊತ್ತಾದದ್ದು ಚೌಕ ದಾಟಿ ಹೋಗಿ ಇನ್ನೊಬ್ಬರಿಗೆ ಟೋಪಿ ಹಾಕಬಾರದು. ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಸುತ್ತಿಗೆಯಿಂದ ಒಡೆಯಬೇಕು, ತಂದವರೇ ಪೊರಕೆ ಹಿಡಿದು ಚೂರು ಗುಡಿಸಬೇಕು. ನನಗಿಂತ ಮೊದಲು ಊರಿನ ಕಲ್ಲು ಪರೀಕ್ಷಿಸುತ್ತಿದ್ದ ನನ್ನ ಮಾವನ ಕಾಲದಿಂದಲೂ ಹೀಗೆಯೇ ನಡೆದಿದೆ. ನೀನು ಗುಡಿಸುವಾಗ ಜನ ನಕ್ಕರು. "ಎವೆಲಿಯೊ ಮಗ್ಳು ತಂದಿದ್ದಾ? ಹಂಗಾದ್ರೆ ನೋಡೋದೇನಿದೆ, ಬೀರ್ ಬಾಟ್ಲಿನೇ ಬಿಡ್ರೀ!" ಅಂದರು. "ಹುಟ್ಟುಗುಣ ಸುಟ್ರೂ ಹೋಗಲ್ಲ" ಅಂತಲೂ ಯಾರೋ ಅಂದರು.

ನಿನ್ನ ಅಪ್ಪ ಹಿಂದೆ ಮಾಡಿದ್ದನ್ನು ಊರು ಮರೆತಿಲ್ಲ. ಹಸಿರು ಬಾಟಲಿ ಒಡೆದು, ಮರಳು ಹಾಕಿದ ಡಬ್ಬದಲ್ಲಿ ಉರುಳಿಸಿ ಅಂಚು ಸವೆಸಿ, ಬೆಟ್ಟದ ಕರಿಕಲ್ಲಿನ ತುಣುಕು ಅಂಟಿಸಿ, ಬಸ್ ನಿಲ್ದಾಣದಲ್ಲಿ ಪರವೂರಿನವರಿಗೆ ಮಾರುತ್ತಿದ್ದವನು ಅವನು. ನಿನ್ನ ಮೊದಲ ಪರಮಪ್ರಸಾದದ ವರ್ಷ ನಾನೇ ಅವನ ಸರಕನ್ನೆಲ್ಲ ಒಡೆದು ಅವನ ಕೈಗೆ ಪೊರಕೆ ಕೊಟ್ಟಿದ್ದೆ. ಇನ್ನು ಬಿಟ್ಟೆ ಅಂದಿದ್ದ, ನಂಬಿದ್ದೆವು.

ಅವನೂ ಈಗ ಊರಲ್ಲಿಲ್ಲ. ಭಾನುವಾರದಿಂದ ಬಾಗಿಲಿಗೆ ಬೀಗ. ಎಲ್ಲಿದ್ದಾನೆಂದು ಗೊತ್ತಿದ್ದರೆ ತಿಳಿಸು. ಬಂದು ತಪ್ಪೊಪ್ಪಿಕೊಳ್ಳಲಿ, ನಾನೇ ಮುಂದೆ ನಿಂತು ಎಲ್ಲ ಸರಿಮಾಡುತ್ತೇನೆ.

ಇಲ್ಲಿ ಸೊಳ್ಳೆ ಹೆಚ್ಚಾಗಿವೆ. ಅಡುಗೆಮನೆಯ ಕಿಟಕಿಯ ಗಾಜು ತೆಗೆಸಿ ರಟ್ಟು ಹಚ್ಚಿದ್ದೇನೆ.

ನಿನ್ನ ಪದ್ರಿನೊ,
ಕುಸ್ತೋದಿಯೊ

*

ಬೊಗೊಟಾ
2 ಏಪ್ರಿಲ್ 1996

ಪದ್ರಿನೊ,

ನಿಮ್ಮ ಆಶೀರ್ವಾದ ಬೇಡುತ್ತೇನೆ.

ನೀವು ನನಗೆ ಸಮಜಾಯಿಷಿ ಕೊಡಬೇಕಾಗಿರಲಿಲ್ಲ. ನಿಮ್ಮ ಕಣ್ಣು ತಪ್ಪಿದ್ದುಂಟೇ? ಗುಡಿಸುವಾಗ ನಾನು ಅತ್ತದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಅವನ ಮಗಳಾಗಿ ಹುಟ್ಟಿದ ನಾಚಿಕೆಗೆ.

ಹಿಂದಿನ ದಿನ ಅಪ್ಪ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಇದು ನಿನ್ನ ನರ್ಸ್ ಓದಿಗೆ ಕಣೇ. ನಾನು ತಗೊಂಡ್ ಹೋದ್ರೆ ಜನ ನಗ್ತಾರೆ, ನೀನೇ ಹೋಗಿ ಪದ್ರಿನೊಗೆ ತೋರ್ಸು. ಅವ್ರ ಬಾಯಲ್ಲಿ ಕಲ್ಲು ಅಂತ ಬಂದ್ರೆ ಮುಗೀತು, ಆಮೇಲೆ ಯಾರೂ ಎರಡು ಮಾತಾಡಲ್ಲ." ನಾನು ಪೆದ್ದಿ, ಹಬ್ಬದ ಲಂಗ ತೊಟ್ಟು ಬಂದೆ. ನೀವಿಲ್ಲದಿದ್ದರೆ ಅದನ್ನು ಹಿಡಿದು ಬೊಗೊಟಾಕ್ಕೆ ಬಂದು ಇಲ್ಲಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದೆ.

ಆ ಸಂಜೆ ಮನೆಯಲ್ಲಿ ಅವನಿಗೆ ಆಡಬೇಕಾದ್ದನ್ನೆಲ್ಲ ಆಡಿದೆ. ಬೆಳಗಾದಾಗ ಅವನಿರಲಿಲ್ಲ. ಎಲ್ಲಿದ್ದಾನೋ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಇಲ್ಲಿ ಒಂದು ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಸಿಕ್ಕಿದೆ. ಹೆಸರು ಬರೆಸುವಾಗ ಸತ್ತ ಅಮ್ಮನ ಮನೆತನದ ಹೆಸರು ಕೊಟ್ಟೆ. ಇಲ್ಲಿಯ ಚಳಿಗೆ ಎಷ್ಟು ಬೆಲ್ಲದ ನೀರು ಕುಡಿದರೂ ಬೆರಳು ಬಿಸಿಯಾಗುವುದಿಲ್ಲ, ಇಸ್ತ್ರಿಪೆಟ್ಟಿಗೆಯೇ ಗತಿ.

ಒಂದು ಬೇಡಿಕೆ. ಗಾಜು ಯಾವುದು, ಕಲ್ಲು ಯಾವುದು ಎಂದು ತಿಳಿಯುವುದನ್ನು ನನಗೂ ಕಲಿಸಿ. ಇನ್ನೊಮ್ಮೆ ಮೋಸಹೋಗಲಾರೆ.

ನಿಮ್ಮ ಮಗಳು,
ನೆಲ್ಸಿ

*

ಅಗುವಾ ನೆಗ್ರ
26 ಏಪ್ರಿಲ್ 1996

ನೆಲ್ಸಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂರುವುದು, ಏಳುವುದು, ಹೀಗೇ ಆಗಿದೆ. ಮಂಡಿ ನೋವೆಂದು ಹೇಳಿ ಶನಿವಾರ ಚೌಕದಲ್ಲಿ ಕೂರುವುದನ್ನೂ ನಿಲ್ಲಿಸಿದ್ದೇನೆ. ಕಲ್ಲು ತಂದವರು ಮನೆಗೇ ಬರುತ್ತಾರೆ, ಬೈದು ಕಳಿಸುತ್ತೇನೆ.

ಕಲಿಸು ಅಂದೆಯಲ್ಲ, ಕೇಳು. ಮೊದಲು ಹೊರಮೈ ನೋಡು. ಮಣ್ಣಲ್ಲಿ ಹುಟ್ಟಿದ ಪಚ್ಚೆ ಆರು ಮುಖದ ಕಡ್ಡಿ. ನದಿಯಲ್ಲಿ ಉರುಳಿ ಸವೆದಿದ್ದರೂ ಎಲ್ಲೋ ಒಂದು ಮೂಲೆಯಲ್ಲಿ ಆ ಮುಖದ ಗುರುತು ಉಳಿದಿರುತ್ತದೆ. ಒಡೆದ ಬಾಟಲಿಯ ಅಂಚು ಚಿಪ್ಪಿನ ಹಾಗೆ ಬಳುಕಿರುತ್ತದೆ. ಅಂಟಿಕೊಂಡಿರುವ ಕರಿಕಲ್ಲನ್ನು ಬಿಸಿನೀರಲ್ಲಿ ನೆನೆಹಾಕು, ಗೋಂದಾದರೆ ಬಿಡುತ್ತದೆ. ಕೊನೆಗೆ ಕಿಟಕಿಯ ಗಾಜಿನ ಮೇಲೆ ಎಳೆ. ಗಾಜು ಗಾಜಿನ ಮೇಲೆ ಜಾರುತ್ತದೆ, ಪಚ್ಚೆ ಕಚ್ಚುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹೇಳುವುದು ಸುಲಭ.

ಒಂದೆರಡು ಮಾತು ಕೇಳುತ್ತೇನೆ, ವಿಶೇಷವೇನಿಲ್ಲ. ಆವತ್ತು ಆ ಹರಳನ್ನು ಜೇಬಿನಲ್ಲಿ ತಂದೆಯೋ, ಕೈಯಲ್ಲೋ? ಅದು ಎಲ್ಲಿ ಸಿಕ್ಕಿತೆಂದು ನಿನ್ನ ಅಪ್ಪ ಹೇಳಿದ್ದ?

ಅವನ ಮೇಲೆ ಅಷ್ಟು ಸಿಟ್ಟು ಬೇಡ. ಬಾಟಲಿ ಮಾರಿದವನೇ ಇರಬಹುದು, ಆದರೆ ತಾಯಿಯಿಲ್ಲದ ನಿನ್ನನ್ನು ಸಾಕಿದ್ದು ಸುಳ್ಳಲ್ಲ. ನನ್ನನ್ನೂ ಅಷ್ಟು ಹೊಗಳಬೇಡ. ಓದುವಾಗ ಮೈ ಮುದುಡಿಹೋಗುತ್ತದೆ.

ಕುಸ್ತೋದಿಯೊ

*

ಬೊಗೊಟಾ
12 ಮೇ 1996

ಪದ್ರಿನೊ,

ಕೈಯಲ್ಲಿ ತಂದೆ. ಅಪ್ಪ ಜೇಬಿಗೆ ಹಾಕು ಅಂದಿದ್ದ, ನನಗೆ ಧೈರ್ಯವಾಗಲಿಲ್ಲ. ನದಿದಂಡೆಯ ನಮ್ಮ ಮನೆಯಿಂದ ಚೌಕದ ತನಕ ಏರುದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ನಿಮ್ಮ ಕೈಗೆ ಕೊಡುವಾಗ ನನ್ನ ಬೆವರಲ್ಲಿ ಒದ್ದೆಯಾಗಿತ್ತು, ಲಂಗಕ್ಕೆ ಒರೆಸಿ ಕೊಟ್ಟೆ, ನೆನಪಿಲ್ಲವೇ?

ಗಣಿಯವರು ನದಿಗೆ ತಳ್ಳುವ ಕರಿಮಣ್ಣನ್ನು ಎಲ್ಲರ ಹಾಗೆ ತೊಳೆಯುತ್ತಿದ್ದಾಗ ಸಿಕ್ಕಿತು ಅಂದಿದ್ದ. ಒದ್ದೆ ಬಟ್ಟೆಯಲ್ಲೇ ಓಡಿ ಬಂದ, ಬಾಳೆಲೆಯಲ್ಲಿ ಸುತ್ತಿಕೊಂಡು. ಎಷ್ಟು ಚೆನ್ನಾಗಿ ನಾಟಕ ಆಡಿದ ನೋಡಿ.

ಹೋದ ವಾರ ರಜೆಯ ದಿನ ಇಲ್ಲಿ ಕಲ್ಲಿನ ವ್ಯಾಪಾರಿಗಳು ನಿಲ್ಲುವ ಬೀದಿಗೆ ಹೋಗಿದ್ದೆ. ಬಿಳಿ ಕಾಗದದ ಮಡಿಕೆಯಲ್ಲಿ ಪಚ್ಚೆ ಇಟ್ಟುಕೊಂಡು ಫುಟ್‌ಪಾತಿನ ಮೇಲೇ ವ್ಯಾಪಾರ. ಬ್ಲಾಸಿನಾ ಎಂಬ ಮುದುಕಿ ನನ್ನನ್ನು ಮಾತಾಡಿಸಿದಳು. ನೀವು ಕಲಿಸಿದ್ದನ್ನು ಜಂಬದಿಂದ ಒಪ್ಪಿಸಿದೆ. ಗುಳ್ಳೆ ಇದ್ದರೆ ಗಾಜು ಅಂದದ್ದೇ ತಡ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಯಾರೇ ನಿಂಗೆ ಹೇಳ್ಕೊಟ್ಟಿದ್ದು? ಗಾಜಿನ ಗುಳ್ಳೆ ಒಂಟಿ, ಉಂಡುಂಡೆ. ನಿಮ್ಮ ಬೆಟ್ಟದ ಕಲ್ಲಲ್ಲಿ ಗುಳ್ಳೆ ನೀರಲ್ಲಿ ಕೂತಿರತ್ತೆ, ಪಕ್ಕದಲ್ಲೇ ಚೌಕಾಗಿ ಒಂದು ಉಪ್ಪಿನ ಹರಳು. ಆ ಬೆಟ್ಟ ಒತ್ತಿದ ಮುದ್ರೆ ಕಣೇ ಅದು. ಬೇರೆ ಎಲ್ಲೂ ಸಿಗಲ್ಲ" ಅಂದು, ತನ್ನ ಭೂತಗನ್ನಡಿಯಲ್ಲಿ ತೋರಿಸಿಯೂ ಬಿಟ್ಟಳು.

ಇದು ನಿಮಗೆ ಗೊತ್ತಿಲ್ಲದ್ದಲ್ಲ, ಬರೆಯಲು ಮರೆತಿರಬೇಕು. ನಮ್ಮ ಆ ಗಾಜಿನಲ್ಲಿ ಗುಳ್ಳೆಯ ಪಕ್ಕ ಏನೂ ಇರಲಿಲ್ಲ ತಾನೆ? ನೀವು ನೋಡಿಯೇ ಇರುತ್ತೀರಿ. ಆದರೂ ಒಂದು ಸಾಲು ಬರೆದರೆ ನನಗೆ ನಿದ್ದೆ ಬರುತ್ತದೆ.

ನೆಲ್ಸಿ

*

ಅಗುವಾ ನೆಗ್ರ
3 ಜೂನ್ 1996

ಇತ್ತು, ನೆಲ್ಸಿ. ಉಪ್ಪು ಇತ್ತು.

ಆ ಶನಿವಾರ ಮನೆಗೆ ಬಂದು ಬೂಟು ಕಳಚುವಾಗ ಅಟ್ಟೆಯಲ್ಲಿ ಒಂದು ಹಸಿರು ಚೂರು ಸಿಕ್ಕಿಕೊಂಡಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿ ಕಿಟಕಿಯಾಚೆ ಎಸೆಯಲು ಹೋದವನು, ಕೈ ಸುಮ್ಮನಿರದೆ, ಕಿಟಕಿಯ ಗಾಜಿನ ಮೇಲೆ ಎಳೆದೆ. ಬಿಳಿ ಗೀರು ಬಿತ್ತು. ಬೀರ್ ಬಾಟಲಿಯ ಚೂರು ತಂದು ಎಳೆದೆ, ಅದು ಜಾರಿತು. ಹಸಿರು ಚೂರನ್ನು ಮತ್ತೆ ಎಳೆದೆ, ಮತ್ತೆ ಗೀರು. ಆಮೇಲೆ ಭೂತಗನ್ನಡಿ ಹಿಡಿದೆ. ಗುಳ್ಳೆ ಆ ಚೂರಿನಲ್ಲೇ ಉಳಿದುಕೊಂಡಿತ್ತು. ನೀರಿನಲ್ಲಿ ಕೂತಿತ್ತು, ಪಕ್ಕದಲ್ಲಿ ಉಪ್ಪಿನ ಹರಳು. ಪಚ್ಚೆಯನ್ನು ಸುತ್ತಿಗೆಯಿಂದ ಹೊಡೆದರೆ ಅದೂ ಗಾಜಿನ ಹಾಗೆಯೇ ಪುಡಿಯಾಗುತ್ತದೆ. ಒಡೆದದ್ದರಿಂದ ಏನೂ ಗೊತ್ತಾಗುವುದಿಲ್ಲ. ಇದು ಗೊತ್ತಿದ್ದೂ ಇಷ್ಟು ವರ್ಷ ಸುತ್ತಿಗೆ ಹಿಡಿದೆ.

ನಿನಗೆ ಮೊದಲ ಪತ್ರ ಬರೆಯುವಾಗ ಆ ಚೂರು ಬೆಂಕಿಪೊಟ್ಟಣದಲ್ಲಿ ನನ್ನ ಮುಂದೆಯೇ ಇತ್ತು. ಕಿಟಕಿಯ ಗಾಜು ತೆಗೆಸಿದ್ದು ಸೊಳ್ಳೆಗಲ್ಲ. ಬೆಳಿಗ್ಗೆ ಕಾಫಿ ಕುಡಿಯಲು ಕೂತರೆ ಬಿಸಿಲಿಗೆ ಆ ಗೀರು ಎದ್ದು ಕಾಣುತ್ತಿತ್ತು.

ಇನ್ನೊಂದೂ ಇದೆ. "ಹುಟ್ಟುಗುಣ ಸುಟ್ರೂ ಹೋಗಲ್ಲ" ಅಂತ ಯಾರೋ ಅಂದರು ಎಂದು ಬರೆದಿದ್ದೆ. ಅಂದವನು ನಾನೇ. ನೀನು ತಲೆ ತಗ್ಗಿಸಿ ಗುಡಿಸುತ್ತಿದ್ದೆ, ದನಿ ಗುರುತಿಸಲಿಲ್ಲ. ಜನ ನಕ್ಕರು, ಅವರ ನಗು ನನಗೆ ಹಿತವಾಗಿತ್ತು. ಗುಳ್ಳೆ ಕಂಡ ಕಣ್ಣಿಗೆ ಅದರ ಪಕ್ಕದ ಉಪ್ಪು ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ? ನಾನು ಕಲ್ಲನ್ನು ನೋಡಲೇ ಇಲ್ಲ. ನೀನು ಜನರ ಮಧ್ಯೆ ನಡೆದು ಬರುವಾಗಲೇ ತೀರ್ಮಾನಿಸಿಬಿಟ್ಟಿದ್ದೆ, ಭೂತಗನ್ನಡಿ ಹಿಡಿದದ್ದು ತೋರಿಕೆಗೆ.

ಚೂರನ್ನು ಇದರೊಳಗೆ ಇಟ್ಟಿದ್ದೇನೆ. ನಿನ್ನದು. ಬೈಯುವಷ್ಟು ಬೈದು ಬರೆ. ಆದರೆ ಕೈಮುಗಿದು ಕೇಳುತ್ತೇನೆ, ಇದು ನಮ್ಮಿಬ್ಬರಲ್ಲೇ ಇರಲಿ. ಊರಿಗೆ ಗೊತ್ತಾದರೆ ನಾನು ಮುಖ ಎತ್ತಿ ಓಡಾಡುವ ಹಾಗಿಲ್ಲ.

ಕುಸ್ತೋದಿಯೊ

*

ಬೊಗೊಟಾ
11 ಜೂನ್ 1996

ಪದ್ರಿನೊ,

ಚೂರನ್ನು ರೊಸೆಂಡೊನ ಕೈಯಲ್ಲೇ ವಾಪಸು ಕಳಿಸಿದ್ದೇನೆ. ನೀವು ಅದನ್ನು ಲಕೋಟೆಯೊಳಗೆ ಒಡೆಯಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ, ಸಂತೆಗೆ ಬಂದ ಊರೆಲ್ಲ ನೋಡುವಾಗ ಒಡೆದಿರಿ.

ಮುಖ ಎತ್ತಿ ಓಡಾಡುವ ಹಾಗಿಲ್ಲ ಅಂದಿರಿ. ಅಪ್ಪ ಯಾವ ಮುಖ ಎತ್ತಿಕೊಂಡು ಹೋದ? ಅವನು ಗಾಜು ಮಾರಿದ್ದು ನಿಜ, ಅದಕ್ಕೆ ಪೊರಕೆಯನ್ನೂ ಹಿಡಿದ. ಆಮೇಲೆ ಮತ್ತೆ ಮಾರಿದ್ದನ್ನು ಕಂಡವರನ್ನು ಒಬ್ಬರನ್ನಾದರೂ ತೋರಿಸಿ.

ಬೈಯುವಷ್ಟು ಬೈ ಅಂದಿರಿ. ಬೈಯಲು ನನಗೆ ಯೋಗ್ಯತೆಯಿಲ್ಲ. ಆ ಸಂಜೆ ನಾನು ಏನಂದೆ ಎಂದು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅಪ್ಪ ಆಲೂಗಡ್ಡೆ ಸಾರು ಮಾಡಿ ಕಾಯುತ್ತಿದ್ದ. ಸೆಖೆಗೆ ಒಂದು ಎಲೆ ಅಲುಗುತ್ತಿರಲಿಲ್ಲ. ನದಿಯಾಚೆಯ ಮನೆಯ ರೇಡಿಯೊದಲ್ಲಿ ಫುಟ್‌ಬಾಲ್ ಪಂದ್ಯ, ಗೋಲು ಹೊಡೆದವನ ಹೆಸರು ಕೂಡ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಅಂದೆ: "ಊರಿಗೆಲ್ಲಾ ಬಾಟ್ಲಿ ಮಾರಿದ್ದು ಸಾಕಾಗ್ಲಿಲ್ವಾ? ಕೊನೆಗೆ ನಂಗೂ ಮಾರ್ದೆ ಅಲ್ವಾ? ನಾನಾದ್ರೂ ನಿಜವಾಗ್ಲೂ ನಿನ್ನ ಮಗಳೇನಾ, ಇಲ್ಲಾ ಅದೂ ಬಾಟ್ಲಿನಾ?"

ಅಪ್ಪ ತಟ್ಟೆ ಇಡುತ್ತಿದ್ದ. "ಸಾರು ಆರೋಗ್ತಿದೆ, ಉಣ್ಣು ಮಗ್ಳೇ" ಅಂದ. ಅಷ್ಟೇ. ಅದು ಕಲ್ಲು ಅಂತ ಒಂದು ಸಲವೂ ಹೇಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಒಂದನ್ನು ಮಾಡಿದಿರಿ, ನಾನು ಇನ್ನೊಂದನ್ನು. ಇಸ್ತ್ರಿ ಮಾಡುವಾಗ ನೆನಪಾದರೆ ಕೈ ನಿಂತುಹೋಗುತ್ತದೆ, ಬಟ್ಟೆ ಸುಡುತ್ತದೆ. ನನಗೆ ನಿಮ್ಮಿಂದ ಕಲ್ಲೂ ಬೇಡ, ಓದೂ ಬೇಡ. ಅಪ್ಪನ ಹೆಸರನ್ನು ಎಲ್ಲಿ ಒಡೆದಿರೋ ಅಲ್ಲೇ ಎತ್ತಿಕೊಡಿ. ಅದು ಅವನ ಕಿವಿಗೆ ಬಿದ್ದರೆ ಬಂದಾನು. ಬಂದರೆ ನಾನು ಅವನ ಕಾಲು ಹಿಡಿಯುತ್ತೇನೆ.

ನೆಲ್ಸಿ ಕಾಸ್ತಿಬ್ಲಾಂಕೊ
(ಇದು ಅಪ್ಪನ ಹೆಸರು. ಹೋಟೆಲಿನಲ್ಲೂ ತಿದ್ದಿಸಿದ್ದೇನೆ.)

*

ಅಗುವಾ ನೆಗ್ರ
24 ಜೂನ್ 1996

ಮಗಳೇ,

ಒಂದು ಶನಿವಾರ ಮನೆ ಬಿಟ್ಟು ಹೊರಡಲಾಗಲಿಲ್ಲ. ಹೊಟ್ಟೆನೋವು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಮಲಗಿದೆ. ಮೊನ್ನೆಯ ಶನಿವಾರ ಹೋದೆ.

ಮೆಟ್ಟಿಲ ಮೇಲೆ ಸುತ್ತಿಗೆ ಇಟ್ಟಾಗ ಯಾರದೋ ಗಾಜು ಒಡೆಯುತ್ತಾರೆಂದು ಜನ ಸೇರಿದರು. ಚೂರನ್ನು ಅಂಗೈಯಲ್ಲಿ ಹಿಡಿದು ಹೇಳಿದೆ: "ಎವೆಲಿಯೊ ಕಾಸ್ತಿಬ್ಲಾಂಕೊ ಕಳಿಸಿದ್ದು ಪಚ್ಚೆ. ಗಾಜು ಅಂದೋನು ನಾನು. ನಾನು ನೋಡ್ಲಿಲ್ಲ. ನೋಡಿದಂಗೆ ಮಾಡ್ದೆ." ಮೊದಲು ಎಲ್ಲರೂ ನಕ್ಕರು, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. "ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದೀರೇನು?" ಅಂದ ಕಟುಕ. ಒಂದು ಖಾಲಿ ಬಾಟಲಿ ತರಿಸಿ ಅದರ ಮೇಲೆ ಚೂರನ್ನು ಎಳೆದೆ. ಕೈಯಿಂದ ಕೈಗೆ ಹೋಯಿತು ಆ ಬಾಟಲಿ. ಬೆರಳಿಟ್ಟು ಗೀರನ್ನು ಮುಟ್ಟಿ ನೋಡಿದರು. ಆಮೇಲೆ ಯಾರೂ ನಗಲಿಲ್ಲ.

ಆಗ ವಿಧವೆ ತ್ರಾನ್ಸಿತೊ ಮುಂದೆ ಬಂದಳು. ಗಂಡ ಗಣಿ ಕುಸಿದು ಸಾಯುವ ಮೊದಲು ತಂದ ಹರಳನ್ನು ನಾನು ಹಿಂದೊಮ್ಮೆ ಒಡೆದಿದ್ದೆ. ಕೂಗಾಡಲಿಲ್ಲ, ಮೆಲ್ಲಗೆ ಕೇಳಿದಳು. "ನಮ್ಮೋರು ತಂದಿದ್ದು? ಅದು ಏನಾಗಿತ್ತು, ದೋನ್ ಕುಸ್ತೋದಿಯೊ?"

"ಗೊತ್ತಿಲ್ಲ, ತಾಯಿ" ಅಂದೆ. ನನಗೆ ನಿಜವಾಗಿಯೂ ಗೊತ್ತಿಲ್ಲ. ಅವಳ ಹಿಂದೆ ಇನ್ನೂ ಕೆಲವರು ನಿಂತಿದ್ದರು, ಅವರ ಮುಖ ನೋಡಲಾಗಲಿಲ್ಲ. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ, ನೆಲ್ಸಿ. ಬಿಡಲಿಲ್ಲ.

ಪದ್ಧತಿ ಇದೆಯಲ್ಲ, ಸುಳ್ಳು ತಂದವನೇ ಗುಡಿಸಬೇಕು. ಪೊರಕೆ ತೆಗೆದುಕೊಂಡು ಮೇಲಿನ ಮೆಟ್ಟಿಲಿಂದ ಕೆಳಗಿನ ತನಕ ಗುಡಿಸಿದೆ. ಗುಡಿಸಲು ಧೂಳಿನ ಹೊರತು ಏನೂ ಇರಲಿಲ್ಲ. ಜನ ದಾರಿ ಬಿಟ್ಟರು. ಮುರಿದ ಬೆಂಚುಗಳಿಗೆ ಮೊಳೆ ಹೊಡೆಯಲು ಬೇಕೆಂದು ಚರ್ಚಿನ ಆಳು ಕೇಳಿದ, ಸುತ್ತಿಗೆಯನ್ನು ಅವನಿಗೆ ಕೊಟ್ಟು ಬಂದೆ. ಈಗ ಕಲ್ಲು ತೋರಿಸಲು ಯಾರೂ ಬರುವುದಿಲ್ಲ.

ನಿನ್ನ ಅಪ್ಪ ಕೊಸ್ಕುಯೆಸ್ ಗಣಿಯ ಕಡೆ ಇದ್ದಾನೆಂದು ರೊಸೆಂಡೊ ಯಾರಿಂದಲೋ ಕೇಳಿದ್ದಾನೆ. ಚೌಕದಲ್ಲಿ ಆಡಿದ್ದು ಅಲ್ಲಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತದೆ. ನಾನೂ ಒಂದು ಪತ್ರ ಬರೆದು, ನಿನ್ನ ಪತ್ರಗಳನ್ನೂ ಜೊತೆಗಿಟ್ಟು ಕಳಿಸಿದ್ದೇನೆ. ಕೇಳದೆ ಕಳಿಸಿದ್ದಕ್ಕೆ ಬೈಯಬೇಡ.

ಕುಸ್ತೋದಿಯೊ

*

ಕೊಸ್ಕುಯೆಸ್
15 ಜುಲೈ 1996

ಕೊಂಪಾದ್ರೆ ಕುಸ್ತೋದಿಯೊ, ನನ್ನ ಮಗಳ ಪದ್ರಿನೊ,

ನಿನ್ನ ಪತ್ರ ಬರುವ ಮೊದಲೇ ಸುದ್ದಿ ಬಂದಿತ್ತು. ನೀನು ಮೆಟ್ಟಿಲು ಗುಡಿಸಿದ್ದನ್ನು ಇಲ್ಲಿನ ಹುಡುಗರು ನಟಿಸಿ ತೋರಿಸಿದರು. ನನಗೆ ನಗು ಬರಲಿಲ್ಲ. ಆ ಪೊರಕೆಯ ಭಾರ ನನಗೆ ಗೊತ್ತು.

ನೀನು ನನ್ನನ್ನು ಕ್ಷಮೆ ಕೇಳಿದ್ದೀಯ. ನನ್ನದೂ ಒಂದಿದೆ. ಗಾಜಂತೆ ಎಂದು ಚೌಕದಿಂದ ಸುದ್ದಿ ಬಂದಾಗ, ಅದು ಕಲ್ಲೆಂದು ನಾನೇಕೆ ಮಗಳಿಗೆ ಹೇಳಲಿಲ್ಲ ಗೊತ್ತೇ? ನಾನೂ ನಂಬಿಬಿಟ್ಟೆ. ನನ್ನ ಕೈಯಾರೆ ಕರಿಮಣ್ಣಿನಿಂದ ಎತ್ತಿದ್ದು, ಹಲ್ಲಿಗೆ ತಾಕಿಸಿ ನೋಡಿದ್ದು. ಆದರೂ ನೀನು ಬಾಟಲಿ ಅಂದೆ ಎಂದಾಗ, ಹೌದಿರಬೇಕು, ಹಿಂದೆ ನಾನೇ ನದಿಗೆ ಚೆಲ್ಲಿದ ಚೂರೊಂದು ತಿರುಗಿ ನನ್ನ ಕೈಗೇ ಸಿಕ್ಕಿತು ಅಂದುಕೊಂಡೆ. ನನ್ನ ಕೈಗೆ ಕಲ್ಲು ಸಿಗುವುದುಂಟೇ ಅನಿಸಿತು. ಅದಕ್ಕೇ ನಾಚಿಕೆಯಾಗಿ ಊರು ಬಿಟ್ಟೆ, ಮಗಳ ಮಾತಿಗಲ್ಲ.

ಅವಳು ಆಡಿದ ಮಾತಿಗೆ ಕೊರಗುತ್ತಿದ್ದಾಳೆಂದು ಅವಳ ಪತ್ರ ನೋಡಿ ತಿಳಿಯಿತು. ಅದನ್ನು ಓದುವ ತನಕ ಅವಳು ಏನು ಆಡಿದಳೆಂದು ನನಗೆ ಗೊತ್ತೇ ಇರಲಿಲ್ಲ. ಆ ಸಂಜೆ ಎಂಥ ಮಳೆ! ತಗಡಿನ ಸೂರಿನ ಮೇಲೆ ಹೊಡೆಯುವ ಸದ್ದಿಗೆ ನನಗೆ ಒಂದಕ್ಷರ ಕೇಳಿಸಲಿಲ್ಲ. ಬಾಯಿ ಅಲ್ಲಾಡುವುದು ಕಂಡಿತು, ಹಸಿದಿದ್ದಾಳೆ ಅಂದುಕೊಂಡು ಉಣ್ಣು ಅಂದೆ. ಇದನ್ನು ಅವಳಿಗೆ ಬರೆ. ಚೂರನ್ನೂ ಅವಳಿಗೇ ಕೊಡು.

ಈ ತಿಂಗಳು ಮುಗಿಸಿ ಊರಿಗೆ ಬರುತ್ತೇನೆ. ಮನೆಯ ಸೂರು ನೋಡಿಸಬೇಕು.

ಎವೆಲಿಯೊ

*

ಅಗುವಾ ನೆಗ್ರ
22 ಜುಲೈ 1996

ಮಗಳೇ ನೆಲ್ಸಿ,

ನಿನ್ನ ಅಪ್ಪನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಚೂರನ್ನೂ ಇಟ್ಟಿದ್ದೇನೆ. ಮೊದಲು ಪತ್ರ ಓದು.

ಆ ಶನಿವಾರ ಮಳೆ ಬಂದಿತ್ತೆಂದು ಅವನು ಬರೆದಿದ್ದಾನೆ. ಆ ಸಂಜೆ ನಾನೂ ಊರಲ್ಲೇ ಇದ್ದೆ, ಕಿಟಕಿಯ ಮುಂದೆ, ಕೈಯಲ್ಲಿ ಚೂರು ಹಿಡಿದುಕೊಂಡು. ನೀನು ಬರೆದ ಸೆಖೆ, ರೇಡಿಯೊ ಎರಡೂ ನನಗೆ ನೆನಪಿವೆ. ಯಾರಾದರೂ ಕೇಳಿದರೆ ಮಳೆ ಬಂದಿತ್ತು ಅಂತಲೇ ಹೇಳುತ್ತೇನೆ, ಚೌಕದಲ್ಲಿ ನಿಲ್ಲಿಸಿ ಕೇಳಿದರೂ ಹಾಗೇ ಹೇಳುತ್ತೇನೆ. ಅವನ ಕೈಯಿಂದ ಬಂದದ್ದನ್ನೆಲ್ಲ ಇದುವರೆಗೆ ಒಡೆದಿದ್ದೇನೆ. ಇದನ್ನು ಒಡೆಯುವುದಿಲ್ಲ.

ತಿಂಗಳ ಕೊನೆಯ ಬಸ್ಸಿನಲ್ಲಿ ಬರುತ್ತಾನೆ. ನೀನೂ ಬಾ. ಆಲೂಗಡ್ಡೆ ತಂದಿಟ್ಟಿದ್ದೇನೆ, ಸಾರನ್ನು ಅವನೇ ಮಾಡಲಿ.

ನಿನ್ನ ಪದ್ರಿನೊ,
ಕುಸ್ತೋದಿಯೊ